ವರದಿ ಸರಿಯಿದೆ, ಕಾಲಲ್ಲಿ ಕಸುವಿಲ್ಲ: ಎಚ್‌ಐವಿಯೊಂದಿಗೆ ಬದುಕುವವರ ಸ್ನಾಯುಬಲ



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಊರುಗಳಿಗೆ ಎಚ್‌ಐವಿ ಹೊಸ ವಿಷಯವೇನೂ ಅಲ್ಲ. ಆ ಕಡೆ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಈ ಕಡೆ ಸಾಂಗಲಿ, ಸೊಲ್ಲಾಪುರ. ಈ ಇಡೀ ಗಡಿಪಟ್ಟಿಯ ಮೇಲೆ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಬಹಳ ವರ್ಷಗಳಿಂದ ವಿಶೇಷ ಗಮನ ಇಟ್ಟಿದೆ. 2004ರ ಏಪ್ರಿಲ್ 1ರಂದು ಸರ್ಕಾರ ಉಚಿತ ಎಆರ್‌ಟಿ ಔಷಧ ಕೊಡಲು ಶುರು ಮಾಡಿದಾಗ ಮೊದಲು ಆರಿಸಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು, ಮಹಾರಾಷ್ಟ್ರವೂ ಇತ್ತು. ಆಗ 30 ವರ್ಷದವರಾಗಿ ಮಾತ್ರೆ ಶುರು ಮಾಡಿದವರು 2024ಕ್ಕೆ 50 ದಾಟಿದ್ದಾರೆ. ಮಕ್ಕಳ ಮದುವೆ ಮಾಡಿದ್ದಾರೆ, ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿದ್ದಾರೆ. ಈ ರೋಗದ ಕಥೆಯಲ್ಲಿ ಇದಕ್ಕಿಂತ ದೊಡ್ಡ ಸಂತೋಷದ ಮಾತಿಲ್ಲ.

ಆದರೆ ಬದುಕು ಉದ್ದವಾದಂತೆ ಒಂದು ಹೊಸ ದೂರು ಕೇಳಿಬರುತ್ತಿದೆ. "ವರದಿ ಸರಿಯಿದೆ ಅಂತಾರೆ, ಆದರೆ ಕಾಲಲ್ಲಿ ಕಸುವಿಲ್ಲ." "ಕೂತರೆ ಏಳೋಕಾಗಲ್ಲ." "ನೀರಿನ ಕೊಡ ಎತ್ತೋಕಾಗಲ್ಲ." ಇಂಥ ಮಾತಿಗೆ ಮನೆಯಲ್ಲೂ ಹೊರಗೂ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಆ ರೋಗ ಇದ್ದ ಮೇಲೆ ಅಷ್ಟೇ, ಸುಮ್ಮನೆ ಮಲಗು.

ಅದಷ್ಟೇ ಅಲ್ಲ ಎಂದು ತಿಳಿಸುವುದಕ್ಕೇ ಈ ಲೇಖನ. ಸ್ನಾಯು ಸೋಲುವುದಕ್ಕೆ ಕಾರಣ ಇರುತ್ತದೆ. ಬಹಳಷ್ಟು ಕಾರಣಗಳನ್ನು ಹುಡುಕಬಹುದು, ಅನೇಕವನ್ನು ಸರಿಪಡಿಸಬಹುದು. ಆದರೆ ನಾವು ಸರಿಯಾದ ಮಾತಿನಲ್ಲಿ ಹೇಳಿಕೊಂಡರೆ ಮಾತ್ರ ವೈದ್ಯರು ಹುಡುಕಲು ಸಾಧ್ಯ.

ವರದಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಎಆರ್‌ಟಿ ಕೇಂದ್ರದಲ್ಲಿ ಮುಖ್ಯವಾಗಿ ಎರಡು ಪರೀಕ್ಷೆಗಳ ಮಾತು ಕೇಳುತ್ತೇವೆ. ಸಿಡಿ4 ಎಣಿಕೆ ರೋಗನಿರೋಧಕ ಶಕ್ತಿ ಎಷ್ಟಿದೆ ಎಂದು ತಿಳಿಸುತ್ತದೆ. ವೈರಲ್ ಲೋಡ್ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ತಿಳಿಸುತ್ತದೆ. ವೈರಲ್ ಲೋಡ್ ಪತ್ತೆಯಾಗದಷ್ಟು ಕಡಿಮೆ ಇದ್ದರೆ ಔಷಧ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದರ್ಥ. ಆ ಸ್ಥಿತಿಯನ್ನು ಉಳಿಸಿಕೊಂಡವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ಹರಡುವುದಿಲ್ಲ.

ಆದರೆ ತೊಡೆಯಲ್ಲಿ ಎಷ್ಟು ಬಲ ಇದೆ, ಮುಷ್ಟಿಯಲ್ಲಿ ಎಷ್ಟು ಬಿಗಿ ಇದೆ ಎಂಬುದು ಈ ಎರಡು ಪರೀಕ್ಷೆಗಳಲ್ಲಿ ಕಾಣುವುದಿಲ್ಲ. ಆದ್ದರಿಂದ "ವರದಿ ಸರಿಯಿದೆ" ಎಂಬ ಮಾತೂ ನಿಜ, "ಕಾಲಲ್ಲಿ ಕಸುವಿಲ್ಲ" ಎಂಬ ಮಾತೂ ನಿಜ. ಒಂದನ್ನು ನಂಬಿ ಇನ್ನೊಂದನ್ನು ಬಿಡಬೇಕಾಗಿಲ್ಲ.

ದಣಿವು ಬೇರೆ, ಬಲಹೀನತೆ ಬೇರೆ, ಜೋಮು ಬೇರೆ

ನಾವು ಎಲ್ಲದಕ್ಕೂ "ಸುಸ್ತು", "ನಿತ್ರಾಣ" ಎಂದುಬಿಡುತ್ತೇವೆ. ವೈದ್ಯರಿಗೆ ಇವು ಮೂರು ಬೇರೆ ಬೇರೆ ದಾರಿಗಳು.

ದಣಿವು ಎಂದರೆ ಕೆಲಸ ಮಾಡಬಲ್ಲೆ, ಆದರೆ ಬೇಗ ಸೋತು ಹೋಗುತ್ತೇನೆ, ಮಾಡುವ ಮನಸ್ಸೇ ಇಲ್ಲ ಎನ್ನುವುದು. ಇದರ ಹಿಂದೆ ರಕ್ತಹೀನತೆ, ಥೈರಾಯ್ಡ್, ನಿದ್ದೆಗೇಡು, ಕ್ಷಯ, ಮನಸ್ಸಿನ ಖಿನ್ನತೆ ಇರಬಹುದು.

ಬಲಹೀನತೆ ಎಂದರೆ ಮನಸ್ಸಿದ್ದರೂ ಕೆಲಸ ಆಗುವುದೇ ಇಲ್ಲ ಎನ್ನುವುದು. ನೆಲದಿಂದ ಏಳಲು ಗೋಡೆ ಹಿಡಿಯಬೇಕು, ಮೆಟ್ಟಿಲು ಹತ್ತಲು ಕಂಬಿ ಬೇಕು, ತಲೆ ಬಾಚಲು ಕೈ ಮೇಲೆತ್ತಿದರೆ ನಿಲ್ಲದು. ತೊಡೆ, ಸೊಂಟ, ಭುಜದ ಬಲ ಹೋದರೆ ಹೀಗಾಗುತ್ತದೆ. ಇದು ಹೆಚ್ಚಾಗಿ ಸ್ನಾಯುವಿನ ಕಡೆ ಕೈ ತೋರಿಸುತ್ತದೆ.

ಜೋಮು ಎಂದರೆ ಪಾದದಲ್ಲಿ ಜುಮುಜುಮು, ಉರಿ, ಚಪ್ಪಲಿ ಕಳಚಿಬಿದ್ದರೂ ತಿಳಿಯದಿರುವುದು. ಇದು ನರದ ತೊಂದರೆ. ಎರಡೂ ಪಾದಗಳ ಬೆರಳಿನಿಂದ ಶುರುವಾಗಿ ಮೇಲೆ ಏರುತ್ತದೆ.

ಒಬ್ಬರಲ್ಲೇ ಮೂರೂ ಇರಬಹುದು. ಆದರೂ ಬೇರೆ ಬೇರೆಯಾಗಿ ಹೇಳಬೇಕು. ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮರಾಠಿ. ದಣಿವಿಗೆ ಮರಾಠಿಯಲ್ಲಿ "ಥಕವಾ" ಎನ್ನುತ್ತಾರೆ. ಬಲಹೀನತೆಗೆ "ಅಶಕ್ತಪಣಾ", ಜುಮುಜುಮಿಗೆ "ಮುಂಗ್ಯಾ ಯೇಣೆ", ಸ್ಪರ್ಶ ತಿಳಿಯದಿರುವುದಕ್ಕೆ "ಬಧಿರಪಣಾ". ಅಶಕ್ತಪಣಾ ಎಂದಷ್ಟೇ ಹೇಳಿದರೆ ಒಂದು ಟಾನಿಕ್ ಬರೆದು ಕಳಿಸಬಹುದು. ಅದರ ಜೊತೆಗೆ ಕೆಲಸದ ಹೆಸರು ಹೇಳಬೇಕು. "ಖಾಲೀ ಬಸಲೋ ಕೀ ಉಠತಾ ಯೇತ ನಾಹೀ", ಅಂದರೆ ಕೆಳಗೆ ಕೂತರೆ ಏಳಲಾಗುವುದಿಲ್ಲ. ಹೆಣ್ಣುಮಕ್ಕಳು "ಬಸಲೋ" ಬದಲು "ಬಸಲೇ" ಎನ್ನಬೇಕು. ಈ ಒಂದು ವಾಕ್ಯ ವೈದ್ಯರಿಗೆ ಹತ್ತು ಮಾತಿಗಿಂತ ಹೆಚ್ಚು ತಿಳಿಸುತ್ತದೆ.

ಬಲ ಯಾಕೆ ಹೋಗುತ್ತದೆ?

ಮೊದಲನೆಯದು ತೂಕ ಇಳಿಯುವುದು. ಚಿಕಿತ್ಸೆ ತಡವಾದರೆ, ಮಾತ್ರೆ ತಪ್ಪಿಸಿದರೆ ಅಥವಾ ಕ್ಷಯದಂಥ ಸೋಂಕು ಜೊತೆಯಾದರೆ ದೇಹ ತನ್ನ ಸ್ನಾಯುವನ್ನೇ ಕರಗಿಸಿ ಶಕ್ತಿಗೆ ಬಳಸಿಕೊಳ್ಳುತ್ತದೆ. ಬೇಕೆಂದು ಇಳಿಸದಿದ್ದರೂ ತೂಕದಲ್ಲಿ 10ರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಹೋಯಿತೆಂದರೆ ಅದು ಗಂಭೀರ ಲಕ್ಷಣ. 60 ಕೆಜಿ ಇದ್ದವರು 54ಕ್ಕಿಂತ ಕೆಳಗೆ ಬಂದರೆ ಮುಂದಿನ ತಾರೀಖಿಗೆ ಕಾಯಬಾರದು.

ಎರಡನೆಯದು ಉರಿಯೂತ. ವೈರಸ್ ಹತೋಟಿಯಲ್ಲಿದ್ದರೂ ಶರೀರದಲ್ಲಿ ಸಣ್ಣ ಪ್ರಮಾಣದ ಉರಿಯೂತ ಉಳಿದುಕೊಳ್ಳುತ್ತದೆ. ವಯಸ್ಸಾದಂತೆ ಎಲ್ಲರಲ್ಲೂ ಸ್ನಾಯು ಕರಗುತ್ತದೆ, ಎಚ್‌ಐವಿ ಇರುವವರಲ್ಲಿ ಅದು ಸ್ವಲ್ಪ ಬೇಗ ಶುರುವಾಗಬಹುದು. ಕೆಲವರಲ್ಲಿ ಸ್ನಾಯುವಿಗೇ ಉರಿಯೂತ ಬಂದು ತೊಡೆ ಮತ್ತು ಭುಜ ಸೋಲುತ್ತವೆ. ಅದನ್ನು ಪಾಲಿಮಯೋಸೈಟಿಸ್ ಎನ್ನುತ್ತಾರೆ. ಸಿಪಿಕೆ ಎಂಬ ರಕ್ತಪರೀಕ್ಷೆಯಲ್ಲಿ ಅದರ ಸುಳಿವು ಸಿಗುತ್ತದೆ, ಚಿಕಿತ್ಸೆಯೂ ಇದೆ.

ಮೂರನೆಯದು ಹಳೆಯ ಔಷಧಗಳ ಗುರುತು. ನಮ್ಮ ದೇಶದ ಉಚಿತ ಚಿಕಿತ್ಸೆ ಶುರುವಾದಾಗ ಸ್ಟಾವುಡಿನ್, ಜಿಡೊವುಡಿನ್ ಮುಖ್ಯ ಔಷಧಗಳಾಗಿದ್ದವು. ಅವು ಲಕ್ಷಾಂತರ ಜೀವ ಉಳಿಸಿದವು. ಆದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯ ಎಂಬ ಭಾಗಕ್ಕೆ ಅವು ಪೆಟ್ಟು ಕೊಡುತ್ತವೆ. ಜಿಡೊವುಡಿನ್ ಅನ್ನು ಬಹಳ ಕಾಲ ತೆಗೆದುಕೊಂಡವರಲ್ಲಿ ಸ್ನಾಯು ಸೊರಗುವುದನ್ನು ವೈದ್ಯರು 1990ರ ಹೊತ್ತಿಗೇ ಗುರುತಿಸಿದ್ದರು. ಅದರಿಂದ ರಕ್ತಹೀನತೆಯೂ ಬರುತ್ತದೆ. ಸ್ಟಾವುಡಿನ್ ಕೆನ್ನೆ, ಕೈಕಾಲಿನ ಕೊಬ್ಬು ಕರಗಿಸುತ್ತಿತ್ತು, ಪಾದದ ನರ ಕೆಡಿಸುತ್ತಿತ್ತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಡಲು ಸಲಹೆ ಕೊಟ್ಟಿತು, ನಮ್ಮಲ್ಲೂ ಹಂತಹಂತವಾಗಿ ನಿಂತಿತು. ಔಷಧ ನಿಂತರೂ ನರಕ್ಕಾದ ಪೆಟ್ಟು ಕೆಲವರಲ್ಲಿ ಉಳಿದಿದೆ. ಹಳಬರು ಮೊದಲು ಯಾವ ಮಾತ್ರೆ ಎಷ್ಟು ವರ್ಷ ತೆಗೆದುಕೊಂಡಿದ್ದರು ಎಂಬುದನ್ನು ಹಳೆಯ ಪುಸ್ತಕ ನೋಡಿ ವೈದ್ಯರಿಗೆ ತಿಳಿಸುವುದು ಒಳ್ಳೆಯದು.

ನಾಲ್ಕನೆಯದು ಈಗಿನ ಔಷಧಗಳು. ಈಗ ಹೆಚ್ಚಿನವರಿಗೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ. ಇದು ಹಳೆಯವಕ್ಕಿಂತ ಬಹಳ ಹಗುರ. ಆದರೂ ಟೆನೊಫೊವಿರ್ ಕೆಲವರಲ್ಲಿ ಮೂತ್ರಪಿಂಡದ ಮೂಲಕ ರಂಜಕವನ್ನು ಸೋರಿಸುತ್ತದೆ. ಆಗ ಮೂಳೆ ಮೆದುವಾಗಿ ಸೊಂಟ, ತೊಡೆ ನೋಯುತ್ತವೆ, ನಡಿಗೆ ಓಲಾಡುತ್ತದೆ. ರಕ್ತದ ರಂಜಕ, ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆಯಲ್ಲಿ ಇದನ್ನು ಹಿಡಿಯಬಹುದು. ವಿಟಮಿನ್ ಡಿ ಕೊರತೆಯೂ ಹೀಗೇ ತೊಡೆಯ ಬಲ ಕುಗ್ಗಿಸುತ್ತದೆ.

ಐದನೆಯದು ಬೇರೆ ಮಾತ್ರೆಗಳು. ಕೊಲೆಸ್ಟರಾಲ್‌ಗೆ ಕೊಡುವ ಸ್ಟಾಟಿನ್ ಮಾತ್ರೆ ಸ್ನಾಯು ನೋವು ತರಬಹುದು. ಎರಡನೇ ಹಂತದ ಎಆರ್‌ಟಿಯಲ್ಲಿ ಬರುವ ರಿಟೊನಾವಿರ್ ಜೊತೆ ಸಿಮ್ವಾಸ್ಟಾಟಿನ್ ತೆಗೆದುಕೊಳ್ಳಲೇಬಾರದು. ಕ್ಷಯಕ್ಕೆ ಅಥವಾ ಕ್ಷಯ ತಡೆಗೆ ಕೊಡುವ ಐಸೊನಿಯಾಜಿಡ್ ನರಕ್ಕೆ ತೊಂದರೆ ಕೊಡುತ್ತದೆ, ಅದಕ್ಕಾಗಿಯೇ ಜೊತೆಗೆ ಪಿರಿಡಾಕ್ಸಿನ್ ಅಂದರೆ ಬಿ6 ಮಾತ್ರೆ ಕೊಡುತ್ತಾರೆ. ಅದನ್ನು "ಬರೀ ವಿಟಮಿನ್" ಎಂದು ಬಿಡಬಾರದು. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಶಕ್ತಿಪುಡಿಗಳ ಬಗ್ಗೆಯೂ ಎಚ್ಚರ ಬೇಕು. ಅದರಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಮೊದಮೊದಲು ಹುರುಪು ಬರುತ್ತದೆ, ಆಮೇಲೆ ತೊಡೆಯ ಸ್ನಾಯು ಇನ್ನಷ್ಟು ಸೊರಗುತ್ತದೆ.

ಇವುಗಳ ಜೊತೆ ಮಧುಮೇಹ, ಬಿ12 ಕೊರತೆ, ಮದ್ಯ, ವರ್ಷಗಟ್ಟಲೆ ಕೂತಲ್ಲೇ ಕೂರುವುದು ಇವೂ ಸೇರುತ್ತವೆ. ಪಟ್ಟಿ ಉದ್ದ ಇದೆ ಎಂದು ಹೆದರಬೇಕಿಲ್ಲ. ಇದರಲ್ಲಿ ಹೆಚ್ಚಿನವು ಸಾಮಾನ್ಯ ರಕ್ತ, ಮೂತ್ರ ಪರೀಕ್ಷೆಯಲ್ಲೇ ತಿಳಿಯುತ್ತವೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇವೆ. ಮಾತ್ರೆಯಿಂದಲೇ ಹೀಗಾಗಿದೆ ಎಂಬ ಅನುಮಾನ ಬಂದರೂ ಎಆರ್‌ಟಿಯನ್ನು ತಾವಾಗಿಯೇ ನಿಲ್ಲಿಸಬಾರದು. ನಿಲ್ಲಿಸಿದರೆ ವೈರಸ್ ಮತ್ತೆ ಏಳುತ್ತದೆ, ಸ್ನಾಯು ಇನ್ನೂ ಬೇಗ ಹೋಗುತ್ತದೆ. ಔಷಧ ಬದಲಿಸುವ ದಾರಿಗಳು ವೈದ್ಯರ ಬಳಿ ಇವೆ.

ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ?

ವೈದ್ಯರ ಬಳಿ ಹೋಗುವ ಮುನ್ನ ಮೂರು ಅಳತೆ ಮಾಡಿ ಚೀಟಿಯಲ್ಲಿ ಬರೆದುಕೊಳ್ಳಬಹುದು.

1. ಕುರ್ಚಿ ಪರೀಕ್ಷೆ: ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು ಆದಷ್ಟು ಬೇಗ 5 ಬಾರಿ ಎದ್ದು ಕೂರಿ. ಒಬ್ಬರು ಮೊಬೈಲಿನಲ್ಲಿ ಸಮಯ ನೋಡಲಿ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಕಾಲಿನ ಬಲ ಕಡಿಮೆ ಇದೆ ಎಂದು ಏಷ್ಯಾದ ತಜ್ಞರ ಮಾನದಂಡ ಹೇಳುತ್ತದೆ. ಬೀಳುವ ಭಯ ಇದ್ದರೆ ಯಾರಾದರೂ ಪಕ್ಕದಲ್ಲಿರಲಿ.

2. ಮೀನಖಂಡದ ಸುತ್ತಳತೆ: ಟೈಲರ್ ಟೇಪಿನಿಂದ ಮೀನಖಂಡದ ಅತಿ ದಪ್ಪ ಭಾಗ ಅಳೆಯಿರಿ. ಗಂಡಸರಿಗೆ 34 ಸೆಂಟಿಮೀಟರ್, ಹೆಂಗಸರಿಗೆ 33ಕ್ಕಿಂತ ಕಡಿಮೆ ಇದ್ದರೆ ಸ್ನಾಯು ಕರಗಿರುವ ಸಂಶಯ.

3. ಐದು ಪ್ರಶ್ನೆ: ನಾಲ್ಕೂವರೆ ಕೆಜಿಯಷ್ಟು ಭಾರ ಎತ್ತಿ ಒಯ್ಯುವುದು ಕಷ್ಟವೇ? ಕೋಣೆಯ ಈ ಕಡೆಯಿಂದ ಆ ಕಡೆ ನಡೆಯುವುದು ಕಷ್ಟವೇ? ಕುರ್ಚಿ ಅಥವಾ ಮಂಚದಿಂದ ಏಳುವುದು ಕಷ್ಟವೇ? 10 ಮೆಟ್ಟಿಲು ಹತ್ತುವುದು ಕಷ್ಟವೇ? ಕಷ್ಟವಿಲ್ಲ ಎಂದರೆ 0, ಸ್ವಲ್ಪ ಎಂದರೆ 1, ಬಹಳ ಅಥವಾ ಆಗುವುದೇ ಇಲ್ಲ ಎಂದರೆ 2. ಕಳೆದ ವರ್ಷ ಎಷ್ಟು ಸಲ ಬಿದ್ದಿರಿ ಎಂಬುದು ಐದನೇ ಪ್ರಶ್ನೆ. ಬಿದ್ದೇ ಇಲ್ಲವಾದರೆ 0, 1ರಿಂದ 3 ಸಲವಾದರೆ 1, ಅದಕ್ಕಿಂತ ಹೆಚ್ಚಾದರೆ 2. ಒಟ್ಟು 4 ಅಥವಾ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಬೇಕು.

ಇವು ವಯಸ್ಸಾದವರಿಗಾಗಿ ರೂಪಿಸಿದ ಅಳತೆಗಳು. ಇವು ರೋಗ ನಿರ್ಧಾರ ಮಾಡುವುದಿಲ್ಲ, ಆದರೆ ಮಾತಿಗೆ ಆಧಾರ ಕೊಡುತ್ತವೆ. 40, 45ರ ವಯಸ್ಸಿನವರೇ ಇದರಲ್ಲಿ ಹಿಂದೆ ಬಿದ್ದರೆ ಅದನ್ನು ಹೇಳದೆ ಬಿಡಬಾರದು. ಮೂರು ತಿಂಗಳ ನಂತರ ಮತ್ತೆ ಅಳೆದರೆ ಸುಧಾರಣೆಯೋ ಇಳಿಕೆಯೋ ಗೊತ್ತಾಗುತ್ತದೆ.

ಕಾಯದೆ ಹೋಗಬೇಕಾದ ಲಕ್ಷಣಗಳು

ಕೆಲವೇ ಗಂಟೆ ಅಥವಾ ದಿನಗಳಲ್ಲಿ ಕಾಲಿನಿಂದ ಮೇಲಕ್ಕೆ ಏರುವ ಬಲಹೀನತೆ, ಎರಡೂ ಕಾಲು ಸೋತು ಮೂತ್ರ ಕಟ್ಟುವುದು, ಬೆನ್ನುಮೂಳೆಯ ನೋವಿನ ಜೊತೆ ಕಾಲು ಸೋಲುವುದು, ಒಂದೇ ಬದಿಯ ಕೈಕಾಲು ಬಿದ್ದುಹೋಗುವುದು, ನುಂಗಲು ಅಥವಾ ಉಸಿರಾಡಲು ಕಷ್ಟ, ಸ್ನಾಯು ನೋವಿನ ಜೊತೆ ಚಹಾ ಡಿಕಾಕ್ಷನ್ ಬಣ್ಣದ ಮೂತ್ರ. ಇವುಗಳಲ್ಲಿ ಒಂದಿದ್ದರೂ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಮಲಗಿದರೆ ಬಲ ಬರುವುದಿಲ್ಲ

"ಸುಮ್ಮನೆ ಮಲಗು" ಎಂಬ ಸಲಹೆ ಪ್ರೀತಿಯದೇ ಇರಬಹುದು, ಆದರೆ ಸ್ನಾಯುವಿಗೆ ಅದು ಒಗ್ಗದು. ಬಳಸದ ಸ್ನಾಯು ಕರಗುತ್ತದೆ. ಎಚ್‌ಐವಿ ಇದ್ದು ಆರೋಗ್ಯ ಸ್ಥಿರವಾಗಿರುವವರ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ವಾರಕ್ಕೆ 3 ದಿನ, ಕನಿಷ್ಠ 6 ವಾರ ಬಲವರ್ಧಕ ವ್ಯಾಯಾಮ ಮಾಡಿದರೆ ಅಪಾಯವಿಲ್ಲ, ಬಲ ಹೆಚ್ಚುತ್ತದೆ ಎಂದು ಕಂಡುಬಂದಿದೆ.

ಜಿಮ್ ಬೇಡ. ಕುರ್ಚಿಯಿಂದ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ಒಂದು ಲೀಟರ್ ನೀರಿನ ಬಾಟಲಿ ಹಿಡಿದು ಕೈ ಮಡಚಿ ಎತ್ತುವುದು. ಮೊದಲು 5 ಸಲ, ಆಮೇಲೆ 8, ಆಮೇಲೆ 12. ಅದು ಸುಲಭವಾದ ಮೇಲೆ ಭಾರ ಹೆಚ್ಚಿಸಬೇಕು. ನಡುವೆ ಒಂದು ದಿನ ಬಿಡುವಿರಲಿ. ಉಳಿದ ದಿನ 20-30 ನಿಮಿಷ ನಡಿಗೆ. ಜ್ವರ ಇದ್ದಾಗ ಬೇಡ. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಬೇಕು. ಪಾದದಲ್ಲಿ ಜೋಮು ಇರುವವರು ಬರಿಗಾಲಲ್ಲಿ ನಡೆಯಬಾರದು, ರಾತ್ರಿ ಮಲಗುವ ಮುನ್ನ ಅಂಗಾಲಲ್ಲಿ ಗಾಯ ಇದೆಯೇ ನೋಡಿಕೊಳ್ಳಬೇಕು. ಬಲ ಬಹಳ ಕಡಿಮೆ ಇದ್ದರೆ ಫಿಸಿಯೋಥೆರಪಿ ವಿಭಾಗದಲ್ಲಿ ತೋರಿಸಿಯೇ ಶುರು ಮಾಡಬೇಕು.

ರೊಟ್ಟಿ, ಬೇಳೆ, ಶೇಂಗಾ

ಲಕ್ಷಣಗಳಿಲ್ಲದ ಎಚ್‌ಐವಿ ಸೋಂಕಿತರಿಗೆ ಸಾಮಾನ್ಯಕ್ಕಿಂತ ಸುಮಾರು ಶೇ. 10ರಷ್ಟು ಹೆಚ್ಚು ಶಕ್ತಿ ಬೇಕು, ಕಾಯಿಲೆ ಬಿದ್ದಾಗ ಶೇ. 20ರಿಂದ 30ರಷ್ಟು ಹೆಚ್ಚು ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಪ್ರೋಟೀನ್ ವಿಷಯದಲ್ಲಿ ನಮ್ಮ ದೇಶದ ಸಾಮಾನ್ಯ ಶಿಫಾರಸು ದೇಹದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ. 55 ಕೆಜಿ ತೂಕದವರಿಗೆ ಸುಮಾರು 46 ಗ್ರಾಂ.

ದುಬಾರಿ ಡಬ್ಬಿಯ ಪುಡಿ ಇಲ್ಲದೆಯೂ ಇದು ನಮ್ಮ ಊಟದಲ್ಲೇ ಸಿಗುತ್ತದೆ. 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 20 ಗ್ರಾಂ, 50 ಗ್ರಾಂ ತೊಗರಿಬೇಳೆಯಲ್ಲಿ 11 ಗ್ರಾಂ, 30 ಗ್ರಾಂ ಶೇಂಗಾದಲ್ಲಿ 7 ಗ್ರಾಂ, ಎರಡು ಮೊಟ್ಟೆಯಲ್ಲಿ 12 ಗ್ರಾಂ. ಮೊಟ್ಟೆ ತಿನ್ನದವರು ಹಾಲು, ಮೊಸರು, ಹುರುಳಿ, ಮಡಿಕೆಕಾಳು ಹೆಚ್ಚಿಸಿಕೊಳ್ಳಬಹುದು. ರೊಟ್ಟಿಗೆ ಬರೀ ಖಾರ ಹಚ್ಚಿ ತಿನ್ನುವ ಬದಲು ಶೇಂಗಾ ಹಿಂಡಿ ಹಚ್ಚಿದರೂ ಲಾಭ ಇದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಬೇಕು.

ಇನ್ನೊಂದು ಉಪಯುಕ್ತ ಮಾಹಿತಿ. ಡೊಲುಟೆಗ್ರಾವಿರ್ ಇರುವ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಅಥವಾ ಕಬ್ಬಿಣಾಂಶದ ಮಾತ್ರೆಯ ಜೊತೆ ತೆಗೆದುಕೊಂಡರೆ ಔಷಧ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಊಟದ ಜೊತೆ ಎರಡನ್ನೂ ತೆಗೆದುಕೊಳ್ಳಬಹುದು. ಇಲ್ಲವಾದರೆ ಎಆರ್‌ಟಿ ಮಾತ್ರೆಯನ್ನು 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಬೇಕು.

ಬದುಕಿನ ಗುಣಮಟ್ಟ ಎಂದರೆ

ಎಚ್‌ಐವಿ ಇರುವವರ ಬದುಕಿನ ಗುಣಮಟ್ಟ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಪ್ರಶ್ನಾವಳಿಯಲ್ಲಿ ಆರು ಭಾಗಗಳಿವೆ: ದೇಹ, ಮನಸ್ಸು, ಸ್ವಾವಲಂಬನೆ, ಸಂಬಂಧಗಳು, ಪರಿಸರ, ನಂಬಿಕೆ. ಸ್ನಾಯುಬಲ ಒಂದೇ ಹೋದರೂ ಈ ಆರೂ ಅಲುಗುತ್ತವೆ. ಮಗ್ಗದ ಮುಂದೆ ನಿಲ್ಲಲಾಗದವರಿಗೆ, ಬೀಡಿ ಕಟ್ಟುವ ಬೆರಳು ಸೋತವರಿಗೆ, ದ್ರಾಕ್ಷಿ ತೋಟದ ಕೂಲಿಗೆ ಹೋಗಲಾಗದವರಿಗೆ ದಿನದ ಸಂಪಾದನೆ ನಿಲ್ಲುತ್ತದೆ. ಶೌಚಕ್ಕೆ ಕೂತು ಏಳಲು ಇನ್ನೊಬ್ಬರ ಕೈ ಬೇಕಾದರೆ ಮಾನಕ್ಕೆ ಪೆಟ್ಟು. ಸೊರಗಿದ ಮೈ ನೋಡಿ ಯಾರು ಏನು ಕೇಳುತ್ತಾರೋ ಎಂದು ಮದುವೆ, ಜಾತ್ರೆಗೆ ಹೋಗುವುದನ್ನೇ ಬಿಟ್ಟವರಿದ್ದಾರೆ. ಮನೆ ಸೇರಿ ಕೂತರೆ ಸ್ನಾಯು ಇನ್ನೂ ಕರಗುತ್ತದೆ, ಮನಸ್ಸು ಇನ್ನೂ ಕುಗ್ಗುತ್ತದೆ.

ಇಲ್ಲಿ ಸುತ್ತಲಿನವರ ಪಾಲೂ ಇದೆ. ಮುಟ್ಟಿದರೆ, ಜೊತೆಯಲ್ಲಿ ಉಂಡರೆ, ಒಂದೇ ಕೊಡದ ನೀರು ಕುಡಿದರೆ ಎಚ್‌ಐವಿ ಹರಡುವುದಿಲ್ಲ. ನಡೆಯಲು ಜೊತೆಯಾಗುವುದು, ಕುರ್ಚಿ ಪರೀಕ್ಷೆಗೆ ಸಮಯ ನೋಡುವುದು, ಆಸ್ಪತ್ರೆಯಲ್ಲಿ ಮರಾಠಿ ಮಾತಿಗೆ ಜೊತೆ ನಿಲ್ಲುವುದು ದೊಡ್ಡ ಸಹಾಯ. ಆದರೆ ಅವರು ತಾವಾಗಿ ಹೇಳದ ಹೊರತು ಯಾರ ಕಾಯಿಲೆಯನ್ನೂ ಕೇಳಬಾರದು, ತಿಳಿದರೂ ಇನ್ನೊಬ್ಬರಿಗೆ ಹೇಳಬಾರದು.

ಇದಕ್ಕೆ ಕಾನೂನಿನ ಬಲವೂ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೆಲಸ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆ ವಿಷಯದಲ್ಲಿ ಎಚ್‌ಐವಿ ಕಾರಣಕ್ಕೆ ಭೇದ ಮಾಡುವುದನ್ನು ಅದು ನಿಷೇಧಿಸುತ್ತದೆ. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಷರತ್ತು ಹಾಕುವಂತಿಲ್ಲ.

ದುಡಿಮೆಗೆ ಗಡಿ ದಾಟುವವರಿಗೆ ಒಂದು ಸೂಚನೆ. ಊರು ಬದಲಾದರೆ ಚಿಕಿತ್ಸೆಯನ್ನು ಒಂದು ಎಆರ್‌ಟಿ ಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸಿಕೊಳ್ಳಬಹುದು. ರಾಜ್ಯ ಬೇರೆಯಾದರೂ ಅಡ್ಡಿಯಿಲ್ಲ. ಹೊರಡುವ ಮೊದಲೇ ಕೇಂದ್ರದಲ್ಲಿ ತಿಳಿಸಿ ಪತ್ರ ಪಡೆಯಬೇಕು, ಹಳೆಯ ಚಿಕಿತ್ಸಾ ಪುಸ್ತಕ ಜೊತೆಗಿರಬೇಕು. ಸಂದೇಹಗಳಿಗೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097 ಇದೆ. ಕರೆ ಉಚಿತ, ಹೆಸರು ಹೇಳಬೇಕಿಲ್ಲ.

ಮುಂದಿನ ಸಲ ಕೇಂದ್ರಕ್ಕೆ ಹೋಗುವಾಗ ಒಂದು ಚೀಟಿ ಒಯ್ಯಿರಿ. ಅದರಲ್ಲಿ ಈಗಿನ ತೂಕ, ಆರು ತಿಂಗಳ ಹಿಂದಿನ ತೂಕ, ಕುರ್ಚಿ ಪರೀಕ್ಷೆಯ ಸೆಕೆಂಡು, ಈಗ ಆಗದಿರುವ ಎರಡು ಕೆಲಸ, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರು ಇರಲಿ. "ವೈರಲ್ ಲೋಡ್ ಹೇಗಿದೆ?" ಎಂದು ಕೇಳಿದ ಮೇಲೆ "ನನ್ನ ಕಾಲಿನ ಬಲ ಯಾಕೆ ಕಡಿಮೆಯಾಗಿದೆ?" ಎಂದೂ ಕೇಳಿ. ಇದನ್ನು ಓದಿದವರು ಬೇಕಾದವರಿಗೆ ಓದಿ ಹೇಳಿ ಎಂದು ನಮ್ಮ ವಿನಂತಿ.